ಅಳತೆಗೆ ಇಟ್ಟ ನನ್ನ ಕಣ

ನನ್ನ ಮೊಮ್ಮಗಳ ಓದಿನ ಮಾತು ತೆಗೆಯಲು ನನ್ನನ್ನು ಯಾರೂ ಏನೂ ಕೇಳಬೇಕಾಗಿಲ್ಲ. ಬ್ಯಾಡಗಿಗೆ ಹೋಗುವ ಬಸ್ಸಿನಲ್ಲಿ ಪಕ್ಕದ ಹೆಣ್ಣುಮಗಳು ಸ್ವಲ್ಪ ಸರಿದು ಜಾಗ ಕೊಟ್ಟರೆ ಸಾಕು, ನನ್ನ ಮಗನ ಮಗಳು ಹಾವೇರಿಯಲ್ಲಿ ಮೆಣಸಿನಕಾಯಿಯ ಮೇಲೆ ದೊಡ್ಡ ಓದು ಓದುತ್ತಾಳೆ ಎಂದು ಶುರುಮಾಡಿಬಿಡುತ್ತೇನೆ. ಇಳಿಯುವ ಊರು ದಾಟಿಹೋದದ್ದೂ ಉಂಟು. ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಅಕ್ಷರ ಕೂಡಿಸಿ ಓದುತ್ತೇನೆ, ನಿಧಾನಕ್ಕೆ ಬರೆಯುತ್ತೇನೆ. ಇಂಥವಳ ಮನೆಯಲ್ಲಿ ಅಂಥವಳು ಹುಟ್ಟಿದಳಲ್ಲ ಎಂದು ನೆನೆದಾಗ ಈಗಲೂ ಕೈಯಲ್ಲಿದ್ದ ಕೆಲಸ ನಿಲ್ಲುತ್ತದೆ. ಆದರೆ ಕಳೆದ ಸುಗ್ಗಿ ಮುಗಿದ ಮೇಲೆ ಬಂದ ದಿನಗಳು ಹಾಗಿರಲಿಲ್ಲ. ಹುಡುಗಿ ಉಣ್ಣುವುದನ್ನು ಬಿಟ್ಟಿದ್ದಳು. ನಾನು ಬಸ್ಸಿನಲ್ಲಿ ಬಾಯಿ ಬಿಡುವುದನ್ನು ಬಿಟ್ಟಿದ್ದೆ.

ನಮ್ಮೂರು ಬ್ಯಾಡಗಿಗೆ ಹತ್ತಿರ. ಮೆಣಸಿನಕಾಯಿ ಕೊಯ್ಲಿನ ಹೊತ್ತಿನಲ್ಲಿ ಮನೆಯ ಮುಂದೆ, ಮಾಳಿಗೆಯ ಮೇಲೆ, ರಸ್ತೆಯ ಅಂಚಿಗೆ, ಎಲ್ಲೆಲ್ಲೂ ಕೆಂಪು. ನಮ್ಮ ಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಆ ಬಣ್ಣ ಉಳಿಯುವುದೂ ಹೋಗುವುದೂ ಒಣಗಿಸುವುದರಲ್ಲಿದೆ. ಅದಕ್ಕೇ ಪ್ರತಿ ಮನೆಯಲ್ಲೂ ಒಂದು ವಾದ. ನಾನು ಮದುವೆಯಾಗಿ ಬಂದಾಗಿನಿಂದ ಹಿತ್ತಲ ಕಣವನ್ನು ಹೆಂಡಿ, ಅಂದರೆ ಸೆಗಣಿ, ಹಾಕಿ ಸಾರಿಸಿ ಅದರ ಮೇಲೇ ಹರವುತ್ತೇನೆ. ನೆಲ ಬಿರಿಯದ ಹಾಗೆ ಸಾರಿಸುವುದು ನನ್ನ ಅತ್ತೆ ಕಲಿಸಿದ ಕೆಲಸ. ಗೋಡೆಯ ಆಚೆ ಇರುವ ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಈಚೆಗೆ ಕರೀ ಪ್ಲಾಸ್ಟಿಕ್ ಹಾಳೆ ತಂದಿದ್ದಳು. ಬೇಗ ಒಣಗುತ್ತದೆ, ಸಂಜೆ ಸುತ್ತಿ ಎತ್ತಿಡಬಹುದು, ಸಾರಿಸುವ ಸೊಂಟನೋವಿಲ್ಲ. ಕೆಲವರದು ಸಿಮೆಂಟ್ ಮಾಳಿಗೆ. ಇನ್ನು ರಾಣೆಬೆನ್ನೂರು ಕಡೆಯ ಹಲಗೇರಿಯಲ್ಲಿ ಒಬ್ಬಿಬ್ಬರು ನೆಲದಿಂದ ಮೇಲೆ ಕಾಲು ನಿಲ್ಲಿಸಿ ಬಲೆ ಬಿಗಿದು ಅಟ್ಟ ಮಾಡಿದ್ದರು.

ಮೊಮ್ಮಗಳು ಆರಿಸಿಕೊಂಡದ್ದು ಇದನ್ನೇ. ಕಣ, ಹಾಳೆ, ಸಿಮೆಂಟ್, ಬಲೆ, ಈ ನಾಲ್ಕರಲ್ಲಿ ಬಣ್ಣ ಯಾವುದರಲ್ಲಿ ಎಷ್ಟು ಉಳಿಯುತ್ತದೆ ಎಂದು. ನಮ್ಮೂರು, ಹಲಗೇರಿ, ಸುತ್ತಲಿನ ಇನ್ನೂ ಕೆಲವು ಹಳ್ಳಿ ತಿರುಗಿ ಮನೆಮನೆಯಲ್ಲಿ ಬೇಡಿಕೊಂಡಳು. ಒಂದೇ ಹೊಲದ ಕಾಯಿಯಲ್ಲಿ ಒಂದೊಂದು ಬುಟ್ಟಿ ಒಂದೊಂದು ರೀತಿ ಒಣಗಿಸಿ ಕೊಡಿ ಎಂದು. ಬಲೆ ಇಲ್ಲದ ಮನೆಗೆ ಬಲೆಯ ಚೌಕಟ್ಟು ತಾನೇ ಹೊತ್ತುಕೊಂಡು ಹೋದಳು. ಕಣ ಇಲ್ಲದ ಮನೆಯಲ್ಲಿ ನಾನು ಹೋಗಿ ಅಂಗೈಯಗಲ ಸಾರಿಸಿಕೊಟ್ಟು ಬಂದೆ, ಅಷ್ಟು ಹುಮ್ಮಸ್ಸು ನನಗೆ.

ಹಲಗೇರಿಯ ಹೆಣ್ಣುಮಕ್ಕಳ ಸಂಘ ಆ ಹೊತ್ತಿಗೆ ಎಲ್ಲರಿಗೂ ಸೇರಿ ಒಣಗಿಸಲು ಒಂದು ಜಾಗ ಮಾಡಿಕೊಳ್ಳಬೇಕೆಂದಿತ್ತು. ಅಲ್ಲಿ ಏನು ಹಾಸುವುದು ಎಂಬುದೇ ಜಗಳ. ಅವರು ಬುಟ್ಟಿ ಕೊಟ್ಟದ್ದು ಒಂದು ಕರಾರಿನ ಮೇಲೆ. ಲೆಕ್ಕ ಮುಗಿದ ಮೇಲೆ ಹುಡುಗಿ ಬಂದು ತಮ್ಮ ಎದುರಿಗೆ ನಿಂತು ಹೇಳಬೇಕು, ಅವಳು ಹೇಳಿದ ಹಾಗೆ ತಾವು ಮಾಡುತ್ತೇವೆ. ಅವಳು ಹೂಂ ಎಂದಿದ್ದಳು. ಆ ಒಂದು ಹೂಂ ಅವಳ ಎದೆಯ ಮೇಲೆ ಕೂತಿತು.

ಕಾಲೇಜಿನಲ್ಲಿ ಬಣ್ಣ ಅಳೆದಾಯಿತು, ಲೆಕ್ಕವೂ ಬಂತು. ಆ ಶನಿವಾರ ಹಾವೇರಿಯಿಂದ ಬಂದವಳು ಚೀಲ ಬಿಸಾಡಿ, ನಾನು ತೊಟ್ಟು ಬಿಡಿಸುತ್ತ ಕೂತಿದ್ದ ಕಾಯಿಯ ರಾಶಿಯ ಮುಂದೆ ಬಂದು ಕೂತಳು. ತೊಟ್ಟು ಬಿಡಿಸುವುದು ಅವಳಿಗೆ ಎಂದೂ ಸೇರದ ಕೆಲಸ, ಕೈಯುರಿ ಎನ್ನುತ್ತಾಳೆ. ಅಂದು ತಾನಾಗಿಯೇ ಬಿಡಿಸತೊಡಗಿದಳು. ಏನೋ ಕೆಟ್ಟಿದೆ ಎಂದು ನನಗೆ ಆಗಲೇ ಗೊತ್ತಾಯಿತು.

ಬಹಳ ಕೇಳಿದ ಮೇಲೆ ಒಂದು ಕಾಗದ ತೆಗೆದು ತೋರಿಸಿದಳು. ಮೂರು ಸಾಲು ಇದ್ದವು: ಸಿಮೆಂಟ್, ಹಾಳೆ, ಬಲೆ. ನನ್ನ ಕಣ ಎಲ್ಲಿ ಎಂದು ನಾನು ಕೇಳಿದೆ. ನನಗೆ ಅದೊಂದೇ ಕಂಡದ್ದು.

"ಅದು ಅಳತಿ, ಅಮ್ಮ," ಎಂದಳು. ನಮ್ಮ ಕಡೆ ಅಜ್ಜಿಗೆ ಅಮ್ಮ ಎನ್ನುತ್ತಾರೆ. "ಉಳಿದ ಮೂರನ್ನೂ ನಿನ್ನ ಕಣದ ಮಗ್ಗಲಿಗೆ ನಿಂದ್ರಿಸಿ ನೋಡೇನಿ. ಜ್ವಾಳ ಅಳಿಯೂ ಸೇರನ್ನ ಜ್ವಾಳದ ಕೂಡ ಎಣಸ್ತಾರೇನು?"

ಕಣಕ್ಕಿಂತ ಖಂಡಿತವಾಗಿ ಬೇರೆ ಎಂದು ಹೇಳಬಹುದಾದ ಸಾಲಿನ ಮುಂದೆ ಒಂದು ಚುಕ್ಕಿ ಬೀಳಬೇಕಂತೆ. ಮೂರರಲ್ಲಿ ಒಂದರ ಮುಂದೆಯೂ ಚುಕ್ಕಿ ಇರಲಿಲ್ಲ. ಕೆಳಗೆ ಬೇರೆಯಾಗಿ ಒಂದು ಸಾಲು. ಅದು ಒಂದೊಂದನ್ನು ಕೇಳಿದ್ದಲ್ಲ, ನಾಲ್ಕನ್ನೂ ಕೂಡಿಸಿ ಒಂದೇ ಸಲ ಕೇಳಿದ ಪ್ರಶ್ನೆ: ಇವೆಲ್ಲ ಒಂದೇ ಏನು? ಆ ಸಾಲಿನ ಮುಂದೆ ಮಾತ್ರ ಚುಕ್ಕಿಗಳು ಎದ್ದು ಕಾಣುತ್ತಿದ್ದವು. ಒಂದೇ ಅಲ್ಲ ಎಂದು ಅದು ಗಟ್ಟಿಯಾಗಿ ಹೇಳುತ್ತಿತ್ತು.

ಒಂದೊಂದನ್ನೇ ಕೇಳಿದರೆ ಯಾರೂ ಬೇರೆ ಅಲ್ಲ, ಎಲ್ಲರನ್ನೂ ಕೂಡಿಸಿ ಕೇಳಿದರೆ ಎಲ್ಲರೂ ಒಂದೇ ಅಲ್ಲ. ಹಲಗೇರಿಗೆ ಹೋಗಿ ಯಾವುದನ್ನು ಹೇಳುವುದು ಎಂದು ಅವಳು ಕಾಗದ ಮಡಚಿದಳು.

ಬುಟ್ಟಿ ಕಡಿಮೆ ಬಿದ್ದವೇನೋ, ಅಷ್ಟೊಂದು ಕೊಟ್ಟಿದ್ದರಲ್ಲ ಎಂದೆ. ಅದಕ್ಕೆ ಅವಳು, ಬುಟ್ಟಿ ಬಹಳ ಇದ್ದರೂ ಮನೆ ಅಷ್ಟಿಲ್ಲ, ಊರಂತೂ ಇನ್ನೂ ಕಡಿಮೆ ಎಂದಳು. ಒಂದೇ ಮನೆಯ ಬುಟ್ಟಿಗಳು ಒಂದೇ ಹೊಲದವು, ಒಂದೇ ಕೈ ತಿರುವಿದವು, ಒಂದನ್ನೊಂದು ಹೋಲುತ್ತವೆ. ಒಂದೂರಿನ ಮನೆಗಳೂ ಹಾಗೆಯೇ, ಒಂದೇ ಬಿಸಿಲು, ಒಂದೇ ಮಂಜು. ಅದಕ್ಕೆ ಮನೆಯ ಒಳಗೆ ಒಂದು ಲೆಕ್ಕ, ಊರಿನ ಒಳಗೆ ಇನ್ನೊಂದು, ಹೀಗೆ ಅಂತಸ್ತು ಅಂತಸ್ತಾಗಿ ಮಾಡಬೇಕು. "ಒಂದ ಮನಿಯಾಗಿನ ಐದು ಮಂದಿ ಬಂದು ಒಂದ ಮಾತು ಹೇಳಿದ್ರ ಅದು ಐದು ಸಾಕ್ಷಿ ಆಕ್ಕೈತೇನಮ್ಮ?" ಎಂದು ಕೇಳಿದಳು. ಅಷ್ಟು ನನಗೆ ತಿಳಿಯಿತು. ತಿಳಿಯಿತು ಎಂಬ ಸಂತೋಷಕ್ಕೇ ನಾನು ಉಬ್ಬಿಹೋದೆ. ಉಬ್ಬಿದ ಬಾಯಿ ಸುಮ್ಮನಿರಲಿಲ್ಲ.

ಮರುದಿನ ನಳದ ಹತ್ತಿರ ಕೊಡ ಹಿಡಿದು ನಿಂತವರ ಮುಂದೆ, ನನ್ನ ಕಣವನ್ನು ಯಾರೂ ಮೀರಿಲ್ಲ ಎಂದು ಕಾಲೇಜಿನ ಲೆಕ್ಕ ಬಂದಿದೆ ಎಂದು ಹೇಳಿಬಿಟ್ಟೆ. ಚುಕ್ಕಿ ಬಿದ್ದಿಲ್ಲ ಎಂದರೆ ನನಗೆ ಅರ್ಥವಾದದ್ದು ಅಷ್ಟೇ. ನನ್ನ ನೆಗೆಣ್ಣಿ ಅಲ್ಲೇ ಇದ್ದಳು. ಅವಳ ನಾಲಿಗೆಯೂ ಚೂಪು.

"ಹಂಗಾದ್ರ ನನ್ನ ಹಾಳಿನೂ ನಿನ್ನ ಕಣಕ್ಕ ಸೋತಿಲ್ಲಲ್ಲಕ್ಕಾ," ಎಂದಳು. "ಇಷ್ಟು ವರ್ಷ ಸೊಂಟ ಬಗ್ಗಿಸಿ ಸಾರಿಸಿದ್ದು ಪುಕ್ಕಟ ಹೋತು ನೋಡು."

ಎಲ್ಲರೂ ನಕ್ಕರು. ಆ ಮಾತು ಸಂಜೆಯೊಳಗೆ ಮೊಮ್ಮಗಳ ಕಿವಿಗೆ ಬಿತ್ತು. ಅವಳು ನನ್ನ ಮೇಲೆ ಸಿಟ್ಟು ಮಾಡಿದ್ದು ನನಗೆ ನೆನಪಿರುವಂತೆ ಅದೇ ಮೊದಲು. ಬೇರೆ ಎಂದು ಗಟ್ಟಿಯಾಗಿ ಹೇಳಲು ಆಗಲಿಲ್ಲ ಎಂಬುದು ಒಂದು ಮಾತು, ಎರಡೂ ಒಂದೇ ಎಂಬುದು ಇನ್ನೊಂದು ಮಾತು, ನೀನು ಎರಡನ್ನೂ ಕಲೆಸಿ ಊರಿಗೆ ಹಂಚಿದೆ ಎಂದಳು. ಮಂಜಿನಲ್ಲಿ ಎದುರಿನ ದಿಬ್ಬದ ಮರ ಕಾಣದಿದ್ದರೆ ಮರವೇ ಇಲ್ಲ ಎನ್ನುತ್ತೀಯಾ ಎಂದು ಕೇಳಿದಳು. ನಾನು ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದೆ. ಅವಳೂ ಉಣ್ಣಲಿಲ್ಲ.

ಆಮೇಲೆ ಅವಳು ಹಾವೇರಿಗೆ ಹೋಗಿ ಬಂದಂತೆಲ್ಲ ಚಿಂತೆ ಬೆಳೆಯಿತು. ಜೊತೆಯಲ್ಲಿ ಓದುವವರಲ್ಲಿ ಒಬ್ಬಳು, ಕೆಳಗಿನ ಒಟ್ಟಿನ ಸಾಲಷ್ಟನ್ನೇ ಹೇಳು, ಒಣಗಿಸುವ ರೀತಿಯಲ್ಲಿ ವ್ಯತ್ಯಾಸವಿದೆ ಎಂದು ಬರೆದು ಮುಗಿಸು ಎಂದಿದ್ದಳಂತೆ. ಇನ್ನೊಬ್ಬಳು, ಸಾಲುಗಳಲ್ಲಿ ಚುಕ್ಕಿ ಇಲ್ಲದ ಮೇಲೆ ಏನೂ ಇಲ್ಲ ಎಂದೇ ಬರೆ ಎಂದಿದ್ದಳಂತೆ. ವ್ಯತ್ಯಾಸವಿದೆ ಎಂದಷ್ಟೇ ಹೇಳಿದರೆ ಹಲಗೇರಿಯವರು ಯಾವುದರಲ್ಲಿ ಎಂದು ಕೇಳುತ್ತಾರೆ. ಏನೂ ಇಲ್ಲ ಎಂದರೆ ಅವರು ಅಗ್ಗದ ಹಾಳೆ ಹಾಸಿ ಕೈ ತೊಳೆದುಕೊಳ್ಳುತ್ತಾರೆ. ಅದು ಸುಳ್ಳಾದರೆ ಇಡೀ ಊರಿನ ಕಾಯಿಯ ಬಣ್ಣ ಅವಳ ಒಂದು ಮಾತಿಗೆ ಹೋದಂತೆ. ಹಲಗೇರಿಯಿಂದ ಫೋನು ಬಂದರೆ ಅವಳು ಎತ್ತುತ್ತಿರಲಿಲ್ಲ. ನಾನು ಎತ್ತಿ, ಹುಡುಗಿಗೆ ಮೈಯಲ್ಲಿ ಆರಾಮಿಲ್ಲ ಎನ್ನುತ್ತಿದ್ದೆ. ಅದೇನು ಪೂರ್ತಿ ಸುಳ್ಳೂ ಆಗಿರಲಿಲ್ಲ.

ಗಂಟು ಬಿಚ್ಚಿದ್ದು ಕಾಲೇಜಿನಲ್ಲಿ. ಅವಳ ಓದು ನೋಡಿಕೊಳ್ಳುವ ಸರ್ ಕಾಗದ ಮುಂದೆ ಇಟ್ಟುಕೊಂಡು, ನಾಲ್ಕರಲ್ಲಿ ಕಣವನ್ನೇ ಯಾಕೆ ಅಳತೆಗೆ ಇಟ್ಟೆ ಎಂದು ಕೇಳಿದರಂತೆ. ಕಂಪ್ಯೂಟರು ಮೊದಲು ಬರೆದದ್ದನ್ನೇ ಅಳತೆ ಮಾಡಿಕೊಳ್ಳುತ್ತದೆ, ಮೊದಲು ಬರೆದದ್ದು ಕಣ. ಅದನ್ನು ಮೊದಲು ಬರೆದದ್ದು ಯಾಕೆ ಎಂದರೆ, ನಮ್ಮ ಮನೆಯಲ್ಲಿ ಯಾವುದಕ್ಕೂ ಹಿರಿಯರದು ಮೊದಲು. ಒಲೆಯಿಂದ ಇಳಿದ ಮೊದಲ ರೊಟ್ಟಿ ನನ್ನ ತಾಟಿಗೆ. ಲಗ್ನದ ಕಾರ್ಡು ಹಂಚುವಾಗ ಮೊದಲ ಕಾರ್ಡು ಹಿರಿಯರ ಮನೆಗೆ. ಹೊಸ ಕಾಯಿ ಕುಟ್ಟಿದಾಗ ಮೊದಲ ಚಿಟಿಕೆ ಖಾರ ನನ್ನ ನಾಲಿಗೆಗೆ. ಆ ಅಭ್ಯಾಸದಲ್ಲಿ ಅವಳು ಕಂಪ್ಯೂಟರಿನಲ್ಲಿ "ಅಮ್ಮನ ಕಣ" ಎಂದೇ ಮೊದಲು ಬರೆದಿದ್ದಳು. ಸರ್ ನಗಲಿಲ್ಲವಂತೆ. ಅಮ್ಮನನ್ನು ಬೇರೆ ಕಡೆ ಕೂರಿಸಿ ನೋಡು ಎಂದರಂತೆ.

ಬಂದು ಅದನ್ನು ಹೇಳುವಾಗ ಅವಳು ಮೂರು ಮೊರ ತರಿಸಿ ನನ್ನ ಮುಂದೆ ಇಟ್ಟಳು. ಎಡಕ್ಕೆ ಹಾಳೆಯ ಕಾಯಿ, ಬಲಕ್ಕೆ ಬಲೆಯ ಕಾಯಿ, ನಡುವೆ ನನ್ನದು. ಸಿಮೆಂಟಿನದು ನನ್ನದರ ಹತ್ತಿರವೇ ಬರುತ್ತದೆ, ಅದನ್ನು ಬಿಡು ಎಂದಳು. ನಡುವಿನದರಿಂದ ಎಡಕ್ಕೆ ನೋಡಿದರೆ ಅಂತರ ಇದ್ದಂತೆಯೂ ಹೌದು, ಇಲ್ಲದಂತೆಯೂ ಹೌದು. ಬಲಕ್ಕೆ ನೋಡಿದರೂ ಅಷ್ಟೇ. ಆಮೇಲೆ ನಡುವಿನ ಮೊರ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. ಉಳಿದೆರಡು ಎದುರುಬದುರು ಬಂದವು. ಬಲೆಯದು ಕುಂಕುಮದ ಹಾಗೆ, ಹಾಳೆಯದು ಕೆಲಕೆಲವು ಬೆನ್ನು ಬೆಳ್ಳಗಾಗಿ ಕಂದಿದ್ದವು.

"ಇವೆರಡನ್ನ ಎದುರು ನಿಂದ್ರಿಸಿ ನಾನು ಕೇಳೇ ಇಲ್ಲಮ್ಮ," ಎಂದಳು. "ಮೂರು ಸಾಲೂ ನಿನ್ನ ಕಣದ ಮಗ್ಗಲಾಗ ನಿಂತಾವು. ಒಟ್ಟಿನ ಸಾಲಿಗೆ ಮಾತ್ರ ಇವೆರಡರ ನಡುವಿನ ಅಂತರ ಗೊತ್ತಿತ್ತು."

ಬಲೆಯನ್ನು ಅಳತೆಗೆ ಇಟ್ಟು ಮತ್ತೆ ಲೆಕ್ಕ ಮಾಡಿದಾಗ ಹಾಳೆಯ ಸಾಲಿನ ಮುಂದೆ ಚುಕ್ಕಿ ಬಂತು. ಕಣ ಮತ್ತು ಬಲೆಯ ನಡುವಿನ ಸಾಲು ಮೊದಲಿನ ಹಾಗೆಯೇ ಬರಿದು. ಕೆಳಗಿನ ಒಟ್ಟಿನ ಸಾಲು ಕೂದಲಿನಷ್ಟೂ ಅಲುಗಿರಲಿಲ್ಲ, ಯಾರನ್ನು ಮೊದಲು ಕೂರಿಸಿದರೂ ಅದರ ಮಾತು ಒಂದೇ. ಸುಳ್ಳು ಯಾವ ಕಾಗದದಲ್ಲೂ ಇರಲಿಲ್ಲ. ಕೇಳಿದ ಪ್ರಶ್ನೆ ಬೇರೆ ಬೇರೆ ಇದ್ದವು.

ನಾನು ಎದ್ದು ಅವಳ ಬಾಯಿಗೆ ಬೆಲ್ಲ ಹಾಕಲು ಹೋದೆ. ಅವಳು ಬೇಡವೆಂದಳು. ಇನ್ನೂ ಅವಳ ಮುಖ ತಿಳಿಯಾಗಿರಲಿಲ್ಲ. ಎಲ್ಲ ಜೋಡಿಗಳನ್ನೂ ಎದುರುಬದುರು ನಿಲ್ಲಿಸುತ್ತ ಹೋದರೆ ಯಾವುದೋ ಒಂದಕ್ಕೆ ಸುಮ್ಮಸುಮ್ಮನೆ ಚುಕ್ಕಿ ಬೀಳುತ್ತದಂತೆ. ಅದಕ್ಕೆ ಸರ್ ಕಟ್ಟುನಿಟ್ಟಿನ ಇನ್ನೊಂದು ಅಳತೆಯಲ್ಲಿ ನೋಡಿಸಿದ್ದರು, ಅದರಲ್ಲೂ ಚುಕ್ಕಿ ಉಳಿದಿತ್ತು. ಆದರೂ ಮೊದಲು ಬೇರೆ ಥರ ನೋಡಿದ್ದೆ, ಆಮೇಲೆ ಈ ಜೋಡಿಯನ್ನು ನೋಡಿದೆ ಎಂದು ಮುಚ್ಚಿಡದೆ ಹೇಳಬೇಕು ಎಂದಿದ್ದರು. ಹಾಗೆ ಹೇಳಿದರೆ ಹಲಗೇರಿಯವರು ಈ ಹುಡುಗಿಗೇ ಖಾತ್ರಿಯಿಲ್ಲ ಎನ್ನುವುದಿಲ್ಲವೇ ಎಂಬುದು ಅವಳ ಅಂಜಿಕೆ.

ನನ್ನ ಅಂಜಿಕೆ ಬೇರೆ ಇತ್ತು. ಮೊರ ಇಟ್ಟುಕೊಂಡು ಕೂತಿದ್ದನ್ನು ಗೋಡೆಯ ಆಚೆಯಿಂದ ನೋಡಿ ನೆಗೆಣ್ಣಿ ಬಂದಳು. ವಿಷಯ ತಿಳಿದ ಮೇಲೆ ಹೊಸಿಲ ಮೇಲೆಯೇ ಕೂತಳು. ಹಾಳೆಯನ್ನು ನಮ್ಮೂರಿಗೆ ಮೊದಲು ತಂದವಳು ಅವಳು. ಅವಳನ್ನು ನೋಡಿ ಓಣಿಯ ಅರ್ಧ ಮನೆ ಹಾಳೆ ತಂದಿತ್ತು. ಹಲಗೇರಿಯ ಸಂಘದಲ್ಲಿ ಅವಳ ತವರಿನವರಿದ್ದಾರೆ, ಅವರಿಗೂ ಹಾಳೆಯನ್ನೇ ಹೇಳಿದ್ದಳು.

"ಮೊದಲಿನ ಕಾಗದದಾಗ ಯಾರೂ ಸೋತಿದ್ದಿಲ್ಲಲ್ಲವ್ವ," ಎಂದು ಮೊಮ್ಮಗಳಿಗೆ ಹೇಳಿದಳು. ದನಿಯಲ್ಲಿ ಚೂಪು ಇರಲಿಲ್ಲ. "ಅದನ್ನ ಓದಿ ಬಾ. ಅದೂ ಖರೇನ ಐತಿ ಅಂತೀ. ನನ್ನ ತವರಿನ ಮಂದಿ ಮುಂದ ನನ್ನ ಹಾಳಿ ಹೆಸರು ತಗೀಬ್ಯಾಡ."

ಮೊಮ್ಮಗಳು ನನ್ನ ಮುಖ ನೋಡಿದಳು. ನನಗೂ ಮೊದಲಿನ ಕಾಗದವೇ ಹಿತವಾಗಿತ್ತು. ಅದರಲ್ಲಿ ನನ್ನ ಕಣವೇ ಅಳತೆ, ಎರಡನೆಯದರಲ್ಲಿ ಅದು ಚುಕ್ಕಿಯಿಲ್ಲದ ಒಂದು ಬರಿಯ ಸಾಲು. ನೆಗೆಣ್ಣಿ ನಲವತ್ತು ವರ್ಷದ ನೆರೆ, ನನ್ನ ಬಾಣಂತನದಲ್ಲಿ ನೀರು ಹಾಕಿದವಳು. ಮೊರದ ಕಾಯಿಯಲ್ಲಿ ಕೈಯಾಡಿಸುತ್ತ ಕೂತೆ. ಮೊಮ್ಮಗಳು ನೆಗೆಣ್ಣಿಗೆ, "ಸಣ್ಣಮ್ಮ, ಅವರು ಕೇಳಿದ್ದು ಏನು ಹಾಸೂಣು ಅಂತ," ಎಂದಷ್ಟೇ ಹೇಳಿ ಎದ್ದುಹೋದಳು.

ಹಲಗೇರಿಗೆ ನೆಗೆಣ್ಣಿಯೂ ಸೇರಿ ನಾವು ಮೂವರೂ ಹೋದೆವು. ಬ್ಯಾಡಗಿಯಿಂದ ರಾಣೆಬೆನ್ನೂರಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಪಕ್ಕದ ಹೆಣ್ಣುಮಗಳು ಎಲ್ಲಿಗೆ ಹೊರಟಿರಿ ಎಂದು ಕೇಳಿದಾಗ ನಾನು ಊರಿನ ಹೆಸರನ್ನಷ್ಟೇ ಹೇಳಿದೆ.

ಸಮುದಾಯ ಭವನದ ಜಮಖಾನೆಯ ಮೇಲೆ ಹೆಣ್ಣುಮಕ್ಕಳು ತುಂಬಿದ್ದರು. ನನ್ನ ಮೊಮ್ಮಗಳು ನಾಲ್ಕು ಮೊರ ಸಾಲಾಗಿ ಇಟ್ಟಳು. ನಾಲ್ಕೂ ಒಂದೇ ಅಲ್ಲ, ಇದು ಗಟ್ಟಿ ಮಾತು ಎಂದು ಮೊದಲು ಹೇಳಿದಳು. ಆಮೇಲೆ, ತಾನು ಮೊದಲು ಎಲ್ಲವನ್ನೂ ಕಣದ ಪಕ್ಕ ಇಟ್ಟು ನೋಡಿದ್ದು, ಆಗ ಏನೂ ಕಾಣದಿದ್ದದ್ದು, ಯಾಕೆ ಹಾಗೆ ಇಟ್ಟೆ ಎಂಬುದು, ಎಲ್ಲವನ್ನೂ ಬಿಡಿಸಿ ಹೇಳಿದಳು. ಮೊದಲ ರೊಟ್ಟಿಯ ಮಾತು ಬಂದಾಗ ಜನ ನನ್ನ ಕಡೆ ತಿರುಗಿ ನಕ್ಕರು. ಬಲೆಯ ಮತ್ತು ಹಾಳೆಯ ನಡುವಿನ ಅಂತರ ಕಂಡಿದೆ, ಆದರೆ ಅದನ್ನು ಆಮೇಲೆ ಹುಡುಕಿ ನೋಡಿದ್ದು, ಮುಂದಿನ ಸುಗ್ಗಿಯಲ್ಲಿ ಅವೆರಡನ್ನೇ ಮೊದಲಿಂದ ಎದುರುಬದುರು ಇಟ್ಟು ನೋಡಿದರೆ ಇನ್ನೂ ಖಾತ್ರಿಯಾಗುತ್ತದೆ, ಅಷ್ಟರವರೆಗೆ ತಾನಾಗಿದ್ದರೆ ಹಾಳೆ ಹಾಸುವುದಿಲ್ಲ ಎಂದಳು.

ಮುಂದೆ ಕೂತಿದ್ದ ಒಬ್ಬ ಮುದುಕಿ ಕೇಳಿದಳು: "ಹಂಗಾದ್ರ ನಿಮ್ಮ ಅಮ್ಮನ ಕಣ ಬಲಿಗಿಂತ ಕಡಿಮಿನೋ, ಹೆಚ್ಚೋ?"

"ಹೇಳಾಕ ಬರೂದಿಲ್ರಿ," ಎಂದಳು ನನ್ನ ಮೊಮ್ಮಗಳು. "ಎರಡೂ ಒಂದ ಅಂತನೂ ಹೇಳಾಕ ಬರೂದಿಲ್ಲ. ನನ್ನ ಲೆಕ್ಕಕ್ಕ ಅಷ್ಟು ಕಣ್ಣಿಲ್ಲ."

ಅಷ್ಟು ಜನರ ಎದುರಿಗೆ, ನಾನು ಎದುರಿಗೇ ಕೂತಿರುವಾಗ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದಳು. ಅವಳು ಹುಟ್ಟಿದಾಗ ಬ್ಯಾಡಗಿಯ ಆಸ್ಪತ್ರೆಯಲ್ಲಿ ನರ್ಸಮ್ಮ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಾಗ ಆದದ್ದೇ ನನಗೆ ಮತ್ತೆ ಆಯಿತು. ಪಕ್ಕಕ್ಕೆ ತಿರುಗಿದರೆ ನೆಗೆಣ್ಣಿ ಕೂತಿದ್ದ ಜಾಗ ಖಾಲಿ. ತವರಿನವರ ನಡುವಿನಿಂದ ಎದ್ದು ಹೊರಗೆ ಹೋಗಿದ್ದಳು. ತಿರುಗಿ ಬರುವಾಗ ಬಸ್ಸಿನಲ್ಲಿ ಚಾಲಕನ ಹಿಂದಿನ ಸೀಟಿನಲ್ಲಿ ಒಬ್ಬಳೇ ಕೂತಳು. ಮೊಮ್ಮಗಳು ಕಿಟಕಿಯ ಕಡೆ ಮುಖ ಮಾಡಿ ಅತ್ತಳು. ನನ್ನ ಸಂತೋಷವನ್ನು ಎಲ್ಲಿ ಇಡಬೇಕೋ ತಿಳಿಯದೆ ಮಡಿಲಲ್ಲಿ ಹಿಡಿದುಕೊಂಡೇ ಊರಿಗೆ ಬಂದೆ.

ಹಲಗೇರಿಯವರು ಬಲೆ ಕಟ್ಟಿದರು. ಒಂದು ಮೂಲೆಯಲ್ಲಿ ಸ್ವಲ್ಪ ಹಾಳೆಯನ್ನೂ ಹಾಸಿದ್ದಾರೆ, ಹುಡುಗಿ ಕೇಳಿದ ಹಾಗೆ ಎದುರುಬದುರು ನೋಡುವುದಕ್ಕೆ. ನೆಗೆಣ್ಣಿ ಮಳೆಗಾಲವಿಡೀ ನಮ್ಮ ಮನೆಯ ಹೊಸಿಲು ತುಳಿಯಲಿಲ್ಲ. ಮೊಮ್ಮಗಳು ಎರಡು ಸಲ ಸಣ್ಣಮ್ಮ ಎಂದು ಕರೆಯುತ್ತ ಹೋಗಿ ಬಾಗಿಲಿನಿಂದಲೇ ಹಿಂದೆ ಬಂದಳು.

ಈ ಸಲದ ಮೊದಲ ಕೊಯ್ಲಿಗೆ ನಾನು ಕಣ ಸಾರಿಸುತ್ತಿದ್ದೆ. ಗೋಡೆಯ ಆಚೆ ಬುಟ್ಟಿ ಇಳಿಸಿದ ಸದ್ದಾಯಿತು. ನೋಡಿದರೆ ಅವಳ ಕರೀ ಹಾಳೆ ಕಟ್ಟಿಗೆಯ ರಾಶಿಯ ಮೇಲೆ ಹೊದಿಸಿದೆ. ಅವಳು ಗೋಡೆಯ ಸಂದಿಯಲ್ಲಿ ನಿಂತು ಹಸಿ ನೆಲವನ್ನು ನೋಡಿ, ನನ್ನನ್ನು ನೋಡದೆ ಹೇಳಿದಳು: "ನನಗ ನಡುವಿನ ಮೊರದ್ದ ಸಾಕಕ್ಕಾ. ಒಂದೀಟು ಜಾಗ ಐತೇನು?"

ಮೊಮ್ಮಗಳ ಹೆಸರು ಅವಳು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಇನ್ನೊಂದು ಬುಟ್ಟಿ ಹೆಂಡಿ ಕಲೆಸಿ ಅವಳ ಗೋಡೆಯ ಬುಡದವರೆಗೂ ಸಾರಿಸಿದೆ. ಶನಿವಾರ ಹುಡುಗಿ ಬಂದಾಗ ಒಂದೇ ಕಣದಲ್ಲಿ ಎರಡು ಮನೆಯ ಕಾಯಿ ಹರವಿತ್ತು. ಅವಳು ಸಣ್ಣಮ್ಮನ ಕಾಯಿಯನ್ನು ಬರಿಗಾಲಲ್ಲಿ ನಿಂತು ಬಗ್ಗಿ ಬಗ್ಗಿ ತಿರುವತೊಡಗಿದಳು. ನೆಗೆಣ್ಣಿ ಗೋಡೆಯ ಆಚೆ ನಿಂತು ಬಹಳ ಹೊತ್ತು ನೋಡಿದಳು. ಬೇಡ ಎನ್ನಲಿಲ್ಲ.